ಬದಲಾಗುತ್ತಿರುವ ಜಗತ್ತಿನಲ್ಲಿ ಶಾಂತಿ ಮತ್ತು ಭದ್ರತೆ: ಪೈವಳಿಕೆಯಿಂದ ಕಂಡಂತೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಉಪನ್ಯಾಸದ ಬರಹರೂಪ)



ಈ ಗೋಷ್ಠಿಗೆ ವಿಷಯವನ್ನು ನಿಶ್ಚಯಿಸುವಾಗ ಸಮಿತಿಯಲ್ಲಿ ಸಣ್ಣದೊಂದು ಚರ್ಚೆಯಾಯಿತು. ಅಂತಾರಾಷ್ಟ್ರೀಯ ಶಾಂತಿ, ಭದ್ರತೆ ಎಂಬ ದೊಡ್ಡ ಮಾತುಗಳಿಗೂ ಪೈವಳಿಕೆಯ ಕನ್ನಡ ಶಾಲೆಗೂ ಏನು ಸಂಬಂಧವೆಂದು ಕೆಲವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ವಿಶ್ವಸಂಸ್ಥೆಯ ಉದ್ದೇಶಗಳನ್ನು ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳುತ್ತೇವೆ. ಮಕ್ಕಳು ನಾಲ್ಕು ಅಂಶಗಳನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ. ನಾವು ನಾಲ್ಕು ಅಂಕ ಕೊಟ್ಟು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಸಂಬಂಧವು ಅಲ್ಲಿಗೇ ಮುಗಿದಂತೆ ತೋರುತ್ತದೆ.

ಆದರೆ ನಮ್ಮ ಹಾಜರಿ ಪುಸ್ತಕವನ್ನು ತೆರೆದು ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಎಷ್ಟೋ ಮಕ್ಕಳ ತಂದೆಯಂದಿರು ದುಬೈ, ಶಾರ್ಜಾ, ದೋಹಾ, ಕುವೈತ್, ರಿಯಾದ್, ಮಸ್ಕತ್‌ಗಳಲ್ಲಿ ದುಡಿಯುವವರು. 2025ರ ಜೂನ್ 23ರ ರಾತ್ರಿ ಕತಾರಿನ ಅಲ್ ಉದೈದ್ ಸೇನಾನೆಲೆಯ ಮೇಲೆ ಇರಾನಿನ ಕ್ಷಿಪಣಿಗಳು ಬಂದಾಗ ಕೊಲ್ಲಿಯ ಹಲವು ದೇಶಗಳು ಕೆಲಹೊತ್ತು ತಮ್ಮ ಆಕಾಶಮಾರ್ಗವನ್ನೇ ಮುಚ್ಚಿದವು. ಆ ಸುದ್ದಿ ದಿಲ್ಲಿಯ ತಜ್ಞರನ್ನು ತಲಪುವ ಹೊತ್ತಿಗೇ ನಮ್ಮೂರಿನ ಮನೆಗಳ ಮೊಬೈಲುಗಳನ್ನೂ ತಲಪಿತ್ತು. ಹೊರ್ಮುಜ್ ಜಲಸಂಧಿಯು ಅತ್ಯಂತ ಕಿರಿದಾದಲ್ಲಿ ಮೂವತ್ತಮೂರು ಕಿಲೋಮೀಟರಿನಷ್ಟೇ ಅಗಲ. ಜಗತ್ತು ಬಳಸುವ ತೈಲದ ಸುಮಾರು ಐದನೆಯ ಒಂದು ಪಾಲು ಅದರ ಮೂಲಕವೇ ಸಾಗುತ್ತದೆ. ತೈಲದ ಮಾತು ಹಾಗಿರಲಿ. ಆ ನೀರಿನ ಆಚೆ ದಡದಿಂದ ತಿಂಗಳಿಗೊಮ್ಮೆ ಬರುವ ಹಣದಲ್ಲಿ ಇಲ್ಲಿನ ಎಷ್ಟು ಮನೆಗಳ ಒಲೆ ಉರಿಯುತ್ತದೆಂಬುದನ್ನು ಈ ಸಭೆಗೆ ನಾವು ವಿವರಿಸಬೇಕಾಗಿಲ್ಲ.

ಇದು ಹೊಸತೂ ಅಲ್ಲ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ಅವರು ಮರುಭೂಮಿಯನ್ನು ದಾಟಿ ಜೋರ್ಡಾನಿನ ಅಮ್ಮಾನ್ ತಲಪಿದರು. ಅಲ್ಲಿಂದ ಏರ್ ಇಂಡಿಯಾ ಅಕ್ಟೋಬರಿನವರೆಗೆ ನಾನೂರೆಂಬತ್ತಕ್ಕೂ ಹೆಚ್ಚು ಹಾರಾಟಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಜನರನ್ನು ಕರೆತಂದಿತು. ಮುಂಬಯಿಯಲ್ಲಿ ಇಳಿದವರಿಗೆ ಊರಿಗೆ ಬರಲು ಆಗ ಕೊಂಕಣ ರೈಲೂ ಇರಲಿಲ್ಲ. ಅದು ಪೂರ್ಣವಾಗಿ ಓಡತೊಡಗಿದ್ದು 1998ರಲ್ಲಿ. ಕೈಯಲ್ಲಿ ಒಂದು ಚೀಲ, ಬ್ಯಾಂಕಿನಲ್ಲಿ ಸಿಲುಕಿದ ಉಳಿತಾಯ, ಮುಂದೇನೆಂಬ ಪ್ರಶ್ನೆ: ಹಾಗೆ ಮರಳಿದವರ ಮಕ್ಕಳು, ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೆ. 2015ರಲ್ಲಿ ಯೆಮೆನಿನಿಂದಲೂ 2022ರಲ್ಲಿ ಉಕ್ರೇನಿನಿಂದಲೂ ಇಂಥದೇ ತೆರವು ನಡೆಯಿತು. ಉಕ್ರೇನಿನ ಖಾರ್ಕಿವ್ ನಗರದಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬನು ಪ್ರಾಣವನ್ನೇ ತೆತ್ತನು. ಯುದ್ಧಗಳು ಎಲ್ಲೋ ನಡೆಯುತ್ತವೆ, ನಾವು ಅವುಗಳ ವಾರ್ತೆಯನ್ನಷ್ಟೇ ಓದುತ್ತೇವೆ ಎನ್ನುವ ಕಾಲ ನಮ್ಮ ಕರಾವಳಿಯ ಮಟ್ಟಿಗಂತೂ ಮುಗಿದು ಬಹಳ ದಿನವಾಯಿತು.

ಹಾಗಾದರೆ ಈ ಯುದ್ಧಗಳನ್ನು ತಡೆಯಬೇಕಾದವರು ಯಾರು? 1945ರ ಅಕ್ಟೋಬರ್ 24ರಂದು ಜಾರಿಗೆ ಬಂದ ವಿಶ್ವಸಂಸ್ಥೆಯ ಸನ್ನದು ಆ ಹೊಣೆಯನ್ನು ಮುಖ್ಯವಾಗಿ ಭದ್ರತಾ ಮಂಡಳಿಗೆ ವಹಿಸಿದೆ. ಐದು ಖಾಯಂ ಸದಸ್ಯರಲ್ಲಿ ಯಾರೊಬ್ಬರು ಬೇಡವೆಂದರೂ ಮಹತ್ವದ ಯಾವ ನಿರ್ಣಯವೂ ಅಲ್ಲಿ ನಿಲ್ಲದು. ಇಷ್ಟನ್ನು ಪಠ್ಯಪುಸ್ತಕವೇ ಹೇಳುತ್ತದೆ. ಪಠ್ಯಪುಸ್ತಕ ಹೇಳದಿರುವುದು, ಆ ಮಂಡಳಿಯ ಅತ್ಯಂತ ಕಠಿಣವಾದ ಒಂದು ದಿನ ಅಧ್ಯಕ್ಷಪೀಠದಲ್ಲಿ ಕುಳಿತಿದ್ದವರು ನಮ್ಮ ಜಿಲ್ಲೆಯವರು ಎಂಬ ಸಂಗತಿ. ನಮ್ಮ ಜಿಲ್ಲೆ ಎಂದು ಬೇಕೆಂದೇ ಹೇಳುತ್ತಿದ್ದೇವೆ. 1956ರ ನವೆಂಬರ್ ಒಂದರವರೆಗೆ ಪೈವಳಿಕೆಯೂ ಮಂಗಳೂರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು.

ಅವರು ಬೆನೆಗಲ್ ನರಸಿಂಗ ರಾಯರು. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಐಸಿಎಸ್ ಸೇರಿದವರು. ಸಂವಿಧಾನ ಸಭೆಗೆ ಸಾಂವಿಧಾನಿಕ ಸಲಹೆಗಾರರಾಗಿ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರೆಂದು ಅವರನ್ನು ಕೆಲವರಾದರೂ ಬಲ್ಲರು. ಅವರ ತಮ್ಮಂದಿರಲ್ಲಿ ಒಬ್ಬರು, ರಾಮರಾಯರು, ರಿಸರ್ವ್ ಬ್ಯಾಂಕಿನ ಗವರ್ನರರಾದರು; ಇನ್ನೊಬ್ಬರು, ಪತ್ರಕರ್ತ ಶಿವರಾಯರು, ದಕ್ಷಿಣ ಕನ್ನಡದಿಂದ ಮೊದಲ ಲೋಕಸಭೆಗೆ ಆರಿಸಿಬಂದರು. ನರಸಿಂಗ ರಾಯರಿಗೆ ಜಗತ್ತಿನ ಕಣ್ಣೆದುರು ಕೂರುವ ಪ್ರಸಂಗ ಬಂದದ್ದು ತಮ್ಮ ಅರುವತ್ತಮೂರನೆಯ ವಯಸ್ಸಿನಲ್ಲಿ.

1950ರ ಜೂನ್ ತಿಂಗಳಲ್ಲಿ ಮಂಡಳಿಯ ಅಧ್ಯಕ್ಷತೆ ಸರದಿಯಂತೆ ಭಾರತಕ್ಕೆ ಬಂದಿತ್ತು. ಆ ತಿಂಗಳ 25, ಭಾನುವಾರ, ಉತ್ತರ ಕೊರಿಯಾದ ಸೇನೆ 38ನೆಯ ಅಕ್ಷಾಂಶವನ್ನು ದಾಟಿ ದಕ್ಷಿಣಕ್ಕೆ ನುಗ್ಗಿತು. ಅದೇ ದಿನ ಸಭೆ ಸೇರಿತು. ಚೀನಾದ ಸ್ಥಾನ ಯಾರಿಗೆ ಸಲ್ಲಬೇಕೆಂಬ ವಿವಾದದಲ್ಲಿ ಸೋವಿಯತ್ ಒಕ್ಕೂಟವು ಜನವರಿಯಿಂದಲೇ ಸಭೆಯನ್ನು ಬಹಿಷ್ಕರಿಸಿತ್ತು. ಆ ಕುರ್ಚಿ ಖಾಲಿ. ಆದ್ದರಿಂದ ವೀಟೋ ಬೀಳಲಿಲ್ಲ. ದಾಳಿಯನ್ನು ನಿಲ್ಲಿಸಿ ಹಿಂದೆ ಸರಿಯಬೇಕೆಂಬ ನಿರ್ಣಯಕ್ಕೆ ಒಂಬತ್ತು ಮತಗಳು ಬಿದ್ದವು. ಭಾರತದ ಮತವೂ ಅದರಲ್ಲಿತ್ತು. ಎರಡು ದಿನ ಕಳೆದು, ಜೂನ್ 27ರಂದು, ದಕ್ಷಿಣ ಕೊರಿಯಾಕ್ಕೆ ಸದಸ್ಯ ರಾಷ್ಟ್ರಗಳು ನೆರವು ನೀಡಬೇಕೆಂಬ ಎರಡನೆಯ ನಿರ್ಣಯ ಬಂತು. ದಿಲ್ಲಿಯಿಂದ ಸೂಚನೆ ಇನ್ನೂ ತಲಪಿರಲಿಲ್ಲ. ಅಧ್ಯಕ್ಷಪೀಠದಲ್ಲಿದ್ದ ರಾಯರು ಆ ಮತದಾನದಲ್ಲಿ ಭಾಗವಹಿಸಲಿಲ್ಲ. ಭಾರತ ಆ ನಿರ್ಣಯವನ್ನು ಒಪ್ಪಿದ್ದು 29ರಂದು. ಒಪ್ಪಿದರೂ ಕಾಳಗಕ್ಕೆ ಸೈನಿಕರನ್ನು ಕಳುಹಿಸಲಿಲ್ಲ. ಸೇನೆಯ ವೈದ್ಯಕೀಯ ತುಕಡಿಯೊಂದನ್ನು ಕಳುಹಿಸಿತು.

ಇಡೀ ಸಭೆ ಅವಸರದಲ್ಲಿದ್ದಾಗ ಕಾದು ನಿಂತುದನ್ನು ಅಳುಕು ಎಂದು ಯಾರಾದರೂ ಕರೆಯಬಹುದು. ನಮಗೆ ಹಾಗೆ ಕಾಣುವುದಿಲ್ಲ. ಆಕ್ರಮಣವನ್ನು ಆಕ್ರಮಣವೆಂದು ಕರೆಯಲು ಅವರು ಒಂದು ದಿನವೂ ತಡಮಾಡಲಿಲ್ಲ. ಯುದ್ಧವನ್ನು ಹಿಗ್ಗಿಸುವ ವಿಷಯದಲ್ಲಿ ಮಾತ್ರ ತಡೆದರು. ಮೊದಲನೆಯದಕ್ಕೆ ಬೇಕಾದ ವೇಗವೂ ಎರಡನೆಯದಕ್ಕೆ ಬೇಕಾದ ನಿಧಾನವೂ ಒಬ್ಬನೇ ಮನುಷ್ಯನಲ್ಲಿ ಕೂಡಿಬರುವುದು ಅಪರೂಪ. ಅದೇ ವರ್ಷದ ನವೆಂಬರಿನಲ್ಲಿ, ವೀಟೋದಿಂದ ಮಂಡಳಿ ಕಟ್ಟಿಬಿದ್ದಾಗ ಮಹಾಸಭೆಯೇ ವಿಷಯವನ್ನು ಕೈಗೆತ್ತಿಕೊಳ್ಳಬಹುದೆಂಬ ‘ಶಾಂತಿಗಾಗಿ ಒಗ್ಗಟ್ಟು’ ನಿರ್ಣಯ ಬಂದಾಗಲೂ ಭಾರತ ತಟಸ್ಥವಾಗಿತ್ತು. ದೊಡ್ಡ ರಾಷ್ಟ್ರಗಳನ್ನು ಮೇಜಿನಲ್ಲೇ ಕೂರಿಸಬೇಕು, ಬಹುಮತದಿಂದ ಹೊರದಬ್ಬಬಾರದು ಎಂಬುದು ಆಗಿನ ಭಾರತದ ನಿಲುವು. ಆ ನಿಲುವು ಸರಿಯೇ ಎಂಬುದರ ಬಗ್ಗೆ ಇಂದಿಗೂ ಎರಡು ಅಭಿಪ್ರಾಯಗಳಿರಬಹುದು.

ಇಲ್ಲಿ ಇನ್ನೊಬ್ಬರನ್ನು ನೆನೆಯಬೇಕು. ವಿಶ್ವಸಂಸ್ಥೆಯ ಸೇನೆ 38ನೆಯ ಅಕ್ಷಾಂಶವನ್ನು ದಾಟಿ ಉತ್ತರಕ್ಕೆ ಹೋದರೆ ಚೀನಾ ಸುಮ್ಮನಿರದು ಎಂಬ ಎಚ್ಚರಿಕೆಯನ್ನು 1950ರ ಅಕ್ಟೋಬರಿನ ಆರಂಭದಲ್ಲಿ ಚೌ ಎನ್‌ಲಾಯ್ ನಡುರಾತ್ರಿ ಕರೆಸಿ ಹೇಳಿದ್ದು ಪೀಕಿಂಗಿನಲ್ಲಿದ್ದ ಭಾರತದ ರಾಯಭಾರಿಗೆ. ಅವರು ಸರ್ದಾರ್ ಕೆ. ಎಂ. ಪಣಿಕ್ಕರ್, ಕುಟ್ಟನಾಡಿನವರು. ಭಾರತ ಆ ಮಾತನ್ನು ತಲಪಿಸಿತು. ಕೇಳಬೇಕಾದವರು ಕೇಳಲಿಲ್ಲ. ಸೇನೆ ಅಕ್ಷಾಂಶವನ್ನು ದಾಟಿತು, ಚೀನಾ ಯುದ್ಧಕ್ಕಿಳಿಯಿತು, ಕೆಲವೇ ತಿಂಗಳಲ್ಲಿ ಮುಗಿಯಬಹುದಾಗಿದ್ದ ಯುದ್ಧ ಮೂರು ವರ್ಷ ನಡೆದು ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಡಿಸೆಂಬರಿನಲ್ಲಿ ಯುದ್ಧವಿರಾಮಕ್ಕಾಗಿ ಇರಾನಿನ ಎಂತೆಜಾಮ್, ಕೆನಡಾದ ಪಿಯರ್ಸನ್ ಅವರೊಂದಿಗೆ ನಮ್ಮ ರಾಯರೂ ಸೇರಿದ ಮೂವರ ತಂಡ ಪ್ರಯತ್ನಿಸಿತು. ಅದೂ ಫಲಿಸಲಿಲ್ಲ. ರಾಯರು ಮುಂದೆ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ, 1953ರ ನವೆಂಬರಿನಲ್ಲಿ ಜ್ಯೂರಿಕ್‌ನಲ್ಲಿ ತೀರಿಕೊಂಡರು.

ಯುದ್ಧ ನಿಲ್ಲಲು ಕೊನೆಯವರೆಗೆ ಅಡ್ಡಿಯಾದದ್ದು ನೆಲವಲ್ಲ, ಮನುಷ್ಯರು. ಸೆರೆಸಿಕ್ಕ ಸೈನಿಕರಲ್ಲಿ ಬಹಳ ಮಂದಿ ತಮ್ಮ ದೇಶಕ್ಕೆ ಮರಳಲು ಒಪ್ಪಲಿಲ್ಲ. ಅವರನ್ನು ಬಲಾತ್ಕಾರವಾಗಿ ಕಳುಹಿಸಬಹುದೇ? ಕೂಡದೆಂದು ಒಂದು ಪಕ್ಷ, ಕಳುಹಿಸಲೇಬೇಕೆಂದು ಇನ್ನೊಂದು ಪಕ್ಷ. ಈ ಗಂಟನ್ನು ಬಿಡಿಸಲು 1952ರ ಡಿಸೆಂಬರಿನಲ್ಲಿ ಮಹಾಸಭೆ ಒಪ್ಪಿದ ಸೂತ್ರವನ್ನು ಮುಂದಿಟ್ಟವರು ಭಾರತದ ಪರವಾಗಿ ವಿ. ಕೆ. ಕೃಷ್ಣ ಮೆನನ್, ಕೋಝಿಕೋಡಿನವರು. ಅದೇ ಜಾಡಿನಲ್ಲಿ 1953ರಲ್ಲಿ ತಟಸ್ಥ ರಾಷ್ಟ್ರಗಳ ಆಯೋಗವೊಂದು ಏರ್ಪಟ್ಟಿತು. ಪೋಲೆಂಡ್, ಝೆಕೊಸ್ಲೊವಾಕಿಯಾ, ಸ್ವೀಡನ್, ಸ್ವಿಟ್ಜರ್ಲೆಂಡ್, ಭಾರತ ಅದರ ಸದಸ್ಯರು, ಅಧ್ಯಕ್ಷತೆ ಭಾರತಕ್ಕೆ. ಆ ಅಧ್ಯಕ್ಷರು ಮಡಿಕೇರಿಯಲ್ಲಿ ಹುಟ್ಟಿದ ಕೊಡಗಿನ ವೀರ, ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು.

ತಿಮ್ಮಯ್ಯನವರ ಕಾಶ್ಮೀರದ ಸಾಹಸವನ್ನು ನಮ್ಮ ಮಕ್ಕಳು ಕೇಳಿದ್ದಾರೆ. ಕೊರಿಯಾದ ಕೆಲಸವನ್ನು ಕೇಳಿಲ್ಲ, ಏಕೆಂದರೆ ಅಲ್ಲಿ ಗೆಲುವೆಂಬುದು ಇರಲಿಲ್ಲ. ಒಂದು ಕಡೆಯಿಂದ 22,604 ಕೈದಿಗಳು, ಇನ್ನೊಂದು ಕಡೆಯಿಂದ 359 ಮಂದಿ ಭಾರತೀಯ ಕಾವಲು ಪಡೆಯ ವಶಕ್ಕೆ ಬಂದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಭಾರತೀಯ ಸೈನಿಕರು ತಮ್ಮ ನೆಲವನ್ನು ಮೆಟ್ಟಕೂಡದೆಂದು ಹಟ ಹಿಡಿದುದರಿಂದ ಅವರನ್ನು ಹಡಗಿನಿಂದ ನೇರವಾಗಿ ಹೆಲಿಕಾಪ್ಟರುಗಳಲ್ಲಿ ಸೈನ್ಯರಹಿತ ವಲಯಕ್ಕೆ ಸಾಗಿಸಬೇಕಾಯಿತು. ತೊಂಬತ್ತು ದಿನಗಳ ಅವಧಿಯಲ್ಲಿ ಎರಡೂ ಪಕ್ಷದವರು ಬಂದು ತಮ್ಮ ತಮ್ಮ ಸೈನಿಕರಿಗೆ ಊರಿಗೆ ಮರಳುವಂತೆ ತಿಳಿಹೇಳಬೇಕು, ನಿರ್ಧಾರ ಕೈದಿಯದೇ. ಹೇಳಲು ಸುಲಭ. ಬಿಡಾರಗಳ ಒಳಗೆ ಎರಡೂ ಪಕ್ಷಗಳ ಗುಪ್ತ ಸಂಘಟನೆಗಳು ಇದ್ದವು. ಒಂದು ದಿನ ಕೈದಿಗಳು ಭಾರತೀಯ ಅಧಿಕಾರಿಯೊಬ್ಬರನ್ನು ಒಳಗೆಳೆದು ಹಿಡಿದಿಟ್ಟರು. ಕಾವಲು ಪಡೆಯ ನಾಯಕ ಜನರಲ್ ಥೋರಟ್ ಗುಂಡು ಹಾರಿಸದೆ ಮಾತುಕತೆಯಿಂದಲೇ ಅವರನ್ನು ಬಿಡಿಸಿ ತಂದರು. ಎಲ್ಲ ದಿನಗಳೂ ಹಾಗೆ ಕಳೆಯಲಿಲ್ಲ. ಗುಂಡು ಹಾರಿ ಕೈದಿಗಳು ಸತ್ತ ದಿನವೂ ಇತ್ತು. ಶಾಂತಿಪಾಲನೆಯ ಕಥೆ ಹೇಳುವಾಗ ಅದನ್ನು ಮರೆಮಾಡಬಾರದು.

ಆಯೋಗದಲ್ಲಿ ಇಬ್ಬರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ನಡುವೆ ತಿಮ್ಮಯ್ಯನವರ ಒಂದು ಮತ. ಬಲಪ್ರಯೋಗದಿಂದ ಕೈದಿಗಳನ್ನು ವಿವರಣೆಯ ಡೇರೆಗೆ ಎಳೆದುತರಲು ಅವರು ಒಪ್ಪಲಿಲ್ಲ. ಇದರಿಂದ ಒಂದು ಪಕ್ಷ ಸಿಟ್ಟಾಯಿತು. ಅವಧಿ ಮುಗಿದ ಕೂಡಲೇ ಕೈದಿಗಳನ್ನು ಸ್ವತಂತ್ರರೆಂದು ಸಾರುವುದಕ್ಕೂ ಒಪ್ಪದೆ, ತಂದೊಪ್ಪಿಸಿದವರ ಕೈಗೇ ಅವರನ್ನು ಹಿಂದೆ ಕೊಟ್ಟರು. ಇನ್ನೊಂದು ಪಕ್ಷ ಗೊಣಗಿತು. ಎರಡೂ ಕಡೆಯಿಂದ ಬೈಗುಳ ಕೇಳಿದವರು ಬಹುಶಃ ಸರಿಯಾದ ಜಾಗದಲ್ಲೇ ನಿಂತಿದ್ದರು. ಊರಿಗೆ ಹೋದವರು ಕೆಲವು ನೂರು ಮಂದಿ ಮಾತ್ರ. ಎಂಬತ್ತಕ್ಕೂ ಮಿಕ್ಕಿದ ಕೈದಿಗಳು ಎರಡೂ ಕಡೆ ಬೇಡವೆಂದು ಮೂರನೆಯ ದೇಶವನ್ನು ಕೇಳಿದರು. 1954ರಲ್ಲಿ ನಮ್ಮ ಸೈನಿಕರೊಂದಿಗೆ ಭಾರತಕ್ಕೇ ಬಂದರು. ಅವರಲ್ಲಿ ಹಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋಗಿ ನೆಲೆಸಿದರು. ತಿಮ್ಮಯ್ಯನವರು ನಿವೃತ್ತಿಯ ಬಳಿಕ 1964ರಲ್ಲಿ ಸೈಪ್ರಸ್‌ನ ಶಾಂತಿಪಾಲನಾ ಪಡೆಯ ದಂಡನಾಯಕರಾದರು. ಮರುವರ್ಷದ ಡಿಸೆಂಬರಿನಲ್ಲಿ ಕರ್ತವ್ಯದಲ್ಲಿದ್ದಾಗಲೇ ಅಲ್ಲಿ ಮಡಿದರು. ಆ ದೇಶ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಕೆಲವು ತಿಂಗಳಿಗೆಂದು ಹೋದ ಆ ಪಡೆ ಅರುವತ್ತು ವರ್ಷ ದಾಟಿದರೂ ಇನ್ನೂ ಅಲ್ಲೇ ಇದೆ.

ಈ ಹಳೆಯ ಕಥೆಯನ್ನು ಇಷ್ಟು ದೀರ್ಘವಾಗಿ ಹೇಳಿದ್ದಕ್ಕೆ ಕಾರಣವಿದೆ. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ರಷ್ಯಾ ಸೇನೆ ನುಗ್ಗಿದ ಆ ರಾತ್ರಿಯೂ ಭದ್ರತಾ ಮಂಡಳಿ ಸಭೆ ಸೇರಿತ್ತು. ಆ ತಿಂಗಳು ಸರದಿಯಂತೆ ಅಧ್ಯಕ್ಷಪೀಠದಲ್ಲಿದ್ದುದು ರಷ್ಯಾವೇ. ಎರಡು ದಿನದ ಮೇಲೆ ಬಂದ ಖಂಡನಾ ನಿರ್ಣಯಕ್ಕೆ ಹನ್ನೊಂದು ಮತಗಳು ಬಿದ್ದವು. ರಷ್ಯಾದ ಒಂದೇ ವೀಟೋದಿಂದ ಅದು ಬಿದ್ದುಹೋಯಿತು. ಭಾರತ, ಚೀನಾ, ಸಂಯುಕ್ತ ಅರಬ್ ಎಮಿರೇಟ್ಸ್ ತಟಸ್ಥವಾಗಿದ್ದವು. ಗಾಜಾದ ವಿಷಯದಲ್ಲಿ ಕದನವಿರಾಮದ ನಿರ್ಣಯಗಳಿಗೆ ಅಮೆರಿಕ ಮತ್ತೆ ಮತ್ತೆ ವೀಟೋ ಚಲಾಯಿಸಿದೆ. ಉಕ್ರೇನಿನ ವಿಷಯ ಕೊನೆಗೆ ಮಹಾಸಭೆಗೆ ಹೋದದ್ದು 1950ರಲ್ಲಿ ಹುಟ್ಟಿದ ಅದೇ ‘ಶಾಂತಿಗಾಗಿ ಒಗ್ಗಟ್ಟು’ ಎಂಬ ದಾರಿಯಲ್ಲಿ. ಅಲ್ಲಿ 141 ರಾಷ್ಟ್ರಗಳು ರಷ್ಯಾದ ಆಕ್ರಮಣವನ್ನು ಖಂಡಿಸಿದವು. ಯುದ್ಧ ಮಾತ್ರ ನಿಲ್ಲಲಿಲ್ಲ. ವೀಟೋ ಹಾಕಿದವರು ಮಹಾಸಭೆಯ ಮುಂದೆ ಚರ್ಚೆಯನ್ನು ಎದುರಿಸಬೇಕೆಂಬ ಹೊಸ ನಿಯಮ ಆ ಏಪ್ರಿಲಿನಲ್ಲಿ ಬಂದಿದೆ. ಸಣ್ಣ ಹೆಜ್ಜೆಯಾದರೂ ಹೆಜ್ಜೆಯೇ. 51 ರಾಷ್ಟ್ರಗಳಿಂದ ಮೊದಲಾದ ಸಂಸ್ಥೆಯಲ್ಲಿ ಇಂದು 193 ಸದಸ್ಯರಿದ್ದಾರೆ. ಖಾಯಂ ಕುರ್ಚಿಗಳು ಮಾತ್ರ ಐದೇ. ಭಾರತಕ್ಕೂ ಆಫ್ರಿಕಾಕ್ಕೂ ಅಲ್ಲಿ ಸ್ಥಾನ ಬೇಕೆಂಬ ಬೇಡಿಕೆ ನ್ಯಾಯವಾದದ್ದು. ಆದರೆ ಕುರ್ಚಿ ಸಿಕ್ಕ ಮೇಲೆ ಅದರಲ್ಲಿ ರಾಯರಂತೆ ಕೂರುತ್ತೇವೆಯೋ, ವೀಟೋ ಎಂಬ ದಂಡವನ್ನು ಹಿಡಿದು ಕೂರುತ್ತೇವೆಯೋ ಎಂಬುದನ್ನೂ ಈಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಯುದ್ಧದ ಸಲಕರಣೆಗಳೂ ಬದಲಾಗಿವೆ. ಅಗ್ಗದ ಡ್ರೋನುಗಳು ಬಂದಿವೆ. ಒಂದು ದೇಶದ ಆಸ್ಪತ್ರೆಯ ಕಂಪ್ಯೂಟರನ್ನು ಇನ್ನೊಂದು ದೇಶದಲ್ಲಿ ಕುಳಿತು ಕೆಡಿಸಬಹುದಾಗಿದೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳಾದಾಗ ಸರಕು ಹಡಗುಗಳು ಆಫ್ರಿಕಾವನ್ನೇ ಸುತ್ತಿ ಬರಬೇಕಾಯಿತು. ಸುಳ್ಳು ಸುದ್ದಿಯ ವಿಷಯವನ್ನು ನಾವು ಹೇಳುವುದಕ್ಕಿಂತ ತಮ್ಮ ಕೈಯ ಮೊಬೈಲುಗಳೇ ಚೆನ್ನಾಗಿ ಹೇಳುತ್ತವೆ.

ಭದ್ರತೆ ಎಂಬ ಮಾತಿನ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು; ಅದರ ಪಾಠ ನಮಗೆ ನ್ಯೂಯಾರ್ಕಿನಿಂದ ಬರಲಿಲ್ಲ, ತಲಪಾಡಿಯಿಂದ ಬಂತು. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾದ ಭಯದಿಂದ ಕಾಸರಗೋಡು ಮತ್ತು ದಕ್ಷಿಣ ಕನ್ನಡದ ನಡುವಣ ರಸ್ತೆಗಳು ಮುಚ್ಚಿದವು. ಹೆದ್ದಾರಿಯಲ್ಲಿ ತಡೆ, ಒಳರಸ್ತೆಗಳಲ್ಲಿ ಮಣ್ಣಿನ ರಾಶಿ. ನಮ್ಮ ಕಡೆಯವರಿಗೆ ಡಯಾಲಿಸಿಸ್ ಆಗಲಿ, ಹೃದಯದ ಚಿಕಿತ್ಸೆಯಾಗಲಿ, ಹೆರಿಗೆಯಾಗಲಿ, ಮಂಗಳೂರೇ ಗತಿ. ಆಂಬುಲೆನ್ಸುಗಳು ಗಡಿಯಲ್ಲಿ ನಿಂತವು. ಚಿಕಿತ್ಸೆ ಸಿಗದೆ ಕಾಸರಗೋಡಿನ ಕೆಲವು ರೋಗಿಗಳು ಪ್ರಾಣಬಿಟ್ಟರು. ಗಡಿಯ ಆಚೆಯವರ ಭಯವೂ ಸುಳ್ಳಾಗಿರಲಿಲ್ಲ; ಆಗ ಕಾಸರಗೋಡಿನಲ್ಲಿ ಸೋಂಕು ಬಹಳವಾಗಿತ್ತು. ಎರಡು ಕಡೆಯವರೂ ತಮ್ಮ ತಮ್ಮ ಜನರ ಭದ್ರತೆಯನ್ನೇ ಕೋರಿದವರು. ಒಬ್ಬರ ಭದ್ರತೆ ಇನ್ನೊಬ್ಬರ ಪ್ರಾಣಕ್ಕೆ ಎರವಾಗುವುದೆಂದರೇನೆಂದು ನಾವು ಆ ದಿನಗಳಲ್ಲಿ ಕಂಡೆವು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ದಾರಿ ತೆರೆಯಬೇಕೆಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡೂ ಕಡೆಯವರು ಕುಳಿತು ಮಾತನಾಡಿ, ಯಾವ ರೋಗಿಯನ್ನು ಯಾವ ತಪಾಸಣೆಯ ಬಳಿಕ ಬಿಡಬೇಕೆಂಬ ಕ್ರಮವೊಂದನ್ನು ಒಪ್ಪಿಕೊಂಡರು. ಏಪ್ರಿಲ್ 7ರಂದು ಮೊಕದ್ದಮೆ ಮುಗಿಯಿತು. ಮಣ್ಣಿನ ರಾಶಿ ಸುರಿಯಲು ಒಂದು ರಾತ್ರಿ ಸಾಕಾಗಿತ್ತು. ಒಪ್ಪಂದದ ಆ ಒಂದು ಹಾಳೆ ಕಾಗದಕ್ಕೆ ಎರಡು ವಾರ ಹಿಡಿಯಿತು.

ಗಡಿ ಎಂದರೆ ಏನೆಂದು ಪೈವಳಿಕೆಯ ಕನ್ನಡ ಶಾಲೆಗೆ ಯಾರೂ ಕಲಿಸಬೇಕಾಗಿಲ್ಲ. 1956ರ ಗೆರೆ ನಮ್ಮನ್ನು ಕೇಳಿ ಎಳೆದುದಲ್ಲ. ಮಹಾಜನ ಆಯೋಗ 1967ರಲ್ಲಿ ಹೇಳಿದ ಮಾತು ಕಡತದಲ್ಲೇ ಉಳಿದಿದೆ. ಆ ನೋವು ಹಿರಿಯರಲ್ಲಿ ಇನ್ನೂ ಆರಿಲ್ಲ. ಆದರೂ ನಮ್ಮ ತರಗತಿಗಳಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕನ್ನಡದಲ್ಲಿ ಓದುತ್ತಿದ್ದಾರೆ. ಇಲ್ಲಿಂದ ಕೂಗಳತೆಯ ಮಂಜೇಶ್ವರದಲ್ಲಿ ಕುಳಿತು ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನದ ಬಗ್ಗೆ ‘ಗೊಲ್ಗೊಥಾ’ವನ್ನೂ ಬುದ್ಧನ ಕೊನೆಯ ದಿನದ ಬಗ್ಗೆ ‘ವೈಶಾಖಿ’ಯನ್ನೂ ಬರೆದರು. ಹೊರಗಿನ ಜಗತ್ತಿಗೆ ಮುಖ ತಿರುಗಿಸಿದ ಊರು ಇದು ಎಂದಿಗೂ ಆಗಿರಲಿಲ್ಲ.

ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು. 2007ರಲ್ಲಿ ಯುದ್ಧದಿಂದ ಜರ್ಜರಿತವಾದ ಲೈಬೀರಿಯಾಕ್ಕೆ ಭಾರತವು ಮಹಿಳೆಯರೇ ತುಂಬಿದ ಪೊಲೀಸ್ ತುಕಡಿಯನ್ನು ಕಳುಹಿಸಿತು. ವಿಶ್ವಸಂಸ್ಥೆಯ ಇತಿಹಾಸದಲ್ಲೇ ಅಂಥದು ಮೊದಲನೆಯದು. 2016ರವರೆಗೆ ಸರದಿಯಲ್ಲಿ ಹೋಗಿಬಂದ ಆ ತುಕಡಿಗಳನ್ನು ಕಂಡು ಆ ದೇಶದ ಹೆಣ್ಣುಮಕ್ಕಳೂ ಪೊಲೀಸ್ ಇಲಾಖೆಗೆ ಸೇರಲು ಮುಂದೆ ಬಂದರು. ಶಾಂತಿಪಾಲನೆ ಎಂದರೆ ಜನರಲ್‌ಗಳ ಕೆಲಸವೆಂದು ತಿಳಿಯಬೇಡಿ.

ಶತಮಾನೋತ್ಸವದ ವರ್ಷದಲ್ಲಿ ಏಳನೆಯ ತರಗತಿಯಲ್ಲಿ ಅಣಕು ಭದ್ರತಾ ಮಂಡಳಿಯೊಂದನ್ನು ಆರಂಭಿಸಿದ್ದೇವೆ. ಮೊದಲ ದಿನವೇ ಒಂದು ತೊಡಕು ಬಂತು. ವೀಟೋ ಇರುವ ಐದು ರಾಷ್ಟ್ರಗಳಿಗಾಗಿ ಹದಿನೇಳು ಮಕ್ಕಳು ಕೈಯೆತ್ತಿದರು. ಅಧ್ಯಕ್ಷರಾಗಲು ಒಬ್ಬರೂ ಬರಲಿಲ್ಲ. ಅಧ್ಯಕ್ಷರಿಗೆ ಏನು ಕೆಲಸವೆಂದು ಕೇಳಿದರು. ಎಲ್ಲರಿಗೂ ಮಾತನಾಡಲು ಬಿಡುವುದು, ಹೇಳಿದ್ದನ್ನು ಸರಿಯಾಗಿ ಬರೆಯಿಸುವುದು, ಸಿಟ್ಟು ಬಂದರೂ ಎದ್ದು ಹೋಗದಿರುವುದು ಎಂದೆವು. ಅಷ್ಟೆಯಾ ಟೀಚರ್ ಎಂದು ಒಬ್ಬ ಹುಡುಗ ನಿರಾಸೆಯಿಂದ ಕೇಳಿದ. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಪ್ಪಿಕೊಂಡಳು. ಆಕೆಯ ತಂದೆ ಕುವೈತಿನಲ್ಲಿದ್ದಾರೆ. ಆ ಗಂಟೆ ಮುಗಿಯುವ ಹೊತ್ತಿಗೆ ಆಕೆ ಎರಡು ರಾಷ್ಟ್ರಗಳ ಜಗಳ ಬಿಡಿಸಿದ್ದಳು, ಮೂರನೆಯದು ಬಾಕಿಯಿತ್ತು.

ಮಂಡಳಿಯು ಪ್ರತಿ ಗುರುವಾರ ಕೊನೆಯ ಪೀರಿಯಡ್‌ನಲ್ಲಿ ಸೇರುತ್ತದೆ. 1990ರಲ್ಲಿ ಕುವೈತಿನಿಂದ ಮರಳಿದ ಹಿರಿಯರು ಈ ಸಭೆಯಲ್ಲಿದ್ದರೆ, ದಯವಿಟ್ಟು ಮುಂದಿನ ಗುರುವಾರ ಬರಬೇಕು. ಅಮ್ಮಾನಿನವರೆಗಿನ ದಾರಿಯ ಬಗ್ಗೆ ಮಕ್ಕಳು ಈಗಾಗಲೇ ಪ್ರಶ್ನೆಗಳನ್ನು ಬರೆದಿಟ್ಟಿದ್ದಾರೆ.